ಕಷ್ಟದ ಮಿನಿಗೇಮ್ ಗೆಲ್ಲೋದು ಕೈಚಳಕದಿಂದಾನಾ, ಲಕ್ಕಿನಿಂದಾನಾ?

ವಿಡಿಯೋ ಗೇಮ್ ಅನ್ನು ನೂರಕ್ಕೆ ನೂರು ಮುಗಿಸಲೇಬೇಕು, ಆದರೆ ಅದರೊಳಗಿನ ಪುಟ್ಟ ಆಟಗಳಲ್ಲಿ, ಅಂದರೆ ಮಿನಿಗೇಮ್‌ಗಳಲ್ಲಿ, ಯಾವುದಕ್ಕೆ ಪ್ರಾಕ್ಟೀಸ್ ಬೇಕು, ಯಾವುದು ಬರೀ ಲಕ್ ಅಂತ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಮೊದಲು ಷರತ್ತು ಓದಿ. ‘ಸತತವಾಗಿ’ ಅಂತ ಇದ್ದರೆ ಕೈ ಪಳಗಬೇಕು. ‘ಒಟ್ಟು ಇಷ್ಟು ಸಲ’ ಅಂತಿದ್ದರೆ ತಾಳ್ಮೆ ಸಾಕು.

2001ರ ಫೈನಲ್ ಫ್ಯಾಂಟಸಿ 10 ನೋಡಿ. ಅಲ್ಲಿ ಸಿಡಿಲು ಬಡಿಯುತ್ತಲೇ ಇರುವ ಒಂದು ಬಯಲಿನಲ್ಲಿ ಸತತ 200 ಸಿಡಿಲು ತಪ್ಪಿಸಿಕೊಳ್ಳಬೇಕು. ಪರದೆ ಬೆಳ್ಳಗೆ ಮಿಂಚಿದ ಕೂಡಲೇ ಬಟನ್ ಒತ್ತಬೇಕು, ಅಷ್ಟೇ. ಒಂದು ತಪ್ಪಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ನೂರರಲ್ಲಿ 99 ಸಲ ಸರಿಯಾಗಿ ಒತ್ತುವವರು ಪಳಗಿದವರೇ ಅಲ್ವಾ? ಆದರೂ ಅವರು 200 ಮುಟ್ಟುವ ಸಾಧ್ಯತೆ ಸುಮಾರು ಶೇ. 13. ನೂರರಲ್ಲಿ 98 ಸಲ ಒತ್ತುವವರಿಗೆ ಶೇ. 2ಕ್ಕಿಂತ ಕಡಿಮೆ! ನೋಡುವವರಿಗೆ ಇದು ಲಕ್ ಅನಿಸುತ್ತದೆ. ಆದರೆ ಆ ಒಂದೇ ಒಂದು ತಪ್ಪಿನಲ್ಲಿ ಇಷ್ಟೆಲ್ಲ ವ್ಯತ್ಯಾಸ ಇದೆ. ಆ ಬಯಲಿನಲ್ಲಿ ಒಂದು ಸಣ್ಣ ಕುಳಿ ಇದೆ. ಅದನ್ನು ದಾಟುತ್ತಾ ಹಿಂದೆ ಮುಂದೆ ಓಡಾಡಿದರೆ ಸಿಡಿಲು ಯಾವಾಗ ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಕೆಲವರು ಇದನ್ನು ಮೋಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಂಥ ಜಾಗ ಹುಡುಕುವುದೂ ಕೌಶಲವೇ.

ಅದೇ ಆಟದ ಚೊಕೊಬೊ (ಸವಾರಿ ಮಾಡುವ ದೊಡ್ಡ ಹಕ್ಕಿ) ರೇಸ್‌ನಲ್ಲಿ ಕೈಚಳಕ, ಲಕ್ ಎರಡೂ ಬೆರೆತಿವೆ. ಒಂದು ಬಲೂನ್ ಹಿಡಿದರೆ ನಿಮ್ಮ ಸಮಯದಲ್ಲಿ ಮೂರು ಸೆಕೆಂಡ್ ಇಳಿಯುತ್ತದೆ, ಎದುರು ಹಾರಿ ಬರುವ ಹಕ್ಕಿ ಬಡಿದರೆ ಮೂರು ಸೆಕೆಂಡ್ ಏರುತ್ತದೆ. ಕೊನೆಗೆ ಸಮಯ ಸೊನ್ನೆಗೆ ಬರಬೇಕು. ನಮ್ಮ ಚೌಕಾಬಾರಾ ಇದ್ದ ಹಾಗೆ: ಕವಡೆ ಹೇಗೆ ಬೀಳುತ್ತದೋ ನಮ್ಮ ಕೈಯಲ್ಲಿಲ್ಲ, ಯಾವ ಕಾಯಿ ನಡೆಸಬೇಕು ಅನ್ನೋದು ನಮಗೇ ಬಿಟ್ಟದ್ದು. ಶುರುವಿನಲ್ಲೇ ಎರಡು ಹಕ್ಕಿ ಬಡಿದವಾ? ಸುಮ್ನೆ ಎಳೆಯಬೇಡಿ, ಹೊಸದಾಗಿ ಓಡಿ.

ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಇನ್ನೊಂದು ಗೇಮ್‌ನ ಬ್ಲ್ಯಾಕ್‌ಜಾಕ್ (ಇಸ್ಪೀಟ್ ಆಟ) ಸವಾಲು ಬೇರೆ ಜಾತಿ. ಮೂರು ಅಥವಾ ಜಾಸ್ತಿ ಎಲೆ ಕೇಳಿ ತೆಗೆದುಕೊಂಡು ಮೂರು ಆಟ ಗೆಲ್ಲಬೇಕು. ಅಂದರೆ ಮೊದಲು ಸಿಗುವ ಎರಡೂ ಸೇರಿ ಕೈಯಲ್ಲಿ ಕನಿಷ್ಠ ಐದು ಎಲೆ ಇದ್ದೂ ಅವುಗಳ ಒಟ್ಟು ಅಂಕ 21 ದಾಟಬಾರದು. ಎಷ್ಟು ಪಳಗಿದರೂ ಎಲೆ ನಿಮ್ಮ ಮಾತು ಕೇಳುವುದಿಲ್ಲ. ಆದರೆ ಆ ಮೂರು ಗೆಲುವು ಒಂದರ ಹಿಂದೆ ಒಂದು ಬರಬೇಕಾಗಿಲ್ಲ. ಸೋತ ಆಟ ಏನನ್ನೂ ಕಿತ್ತುಕೊಳ್ಳುವುದಿಲ್ಲ.

ಹಾಗಾಗಿ ನಾನು ಹೊತ್ತು ನೋಡಿ ಆಡುತ್ತೇನೆ. ದಣಿದ ಸಂಜೆ ಬ್ಲ್ಯಾಕ್‌ಜಾಕ್. ‘ಸತತ’ ಅನ್ನೋದೆಲ್ಲ ಬೆಳಗ್ಗೆ, ತಲೆ ತಿಳಿಯಾಗಿದ್ದಾಗ. ಮೇ ತಿಂಗಳ ಸಂಜೆ ಗಾಳಿ-ಮಳೆ ಎದ್ದಾಗ ಬಾಗಲಕೋಟೆಯಲ್ಲಿ ಯುಪಿಎಸ್ ಇಲ್ಲದೆ ಸಿಡಿಲಿನ ಆಟಕ್ಕಂತೂ ಕೂರಬೇಡಿ.