ಮಧುಮೇಹ ಶಿಕ್ಷಕರು ಮಾಡುವುದೇನು? ಓದುಗರ ಪ್ರಶ್ನೆ, ನಮ್ಮ ಉತ್ತರ

ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಮಾತ್ರವಲ್ಲದೆ ಮಧುಮೇಹ ಶಿಕ್ಷಕರನ್ನೂ ಕಾಣಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆ ಒಂದು ಮಾತಿಗೆ ಕೋಲಾರ ಜಿಲ್ಲೆಯಿಂದಲೇ ಸಾಕಷ್ಟು ಪತ್ರಗಳು ಬಂದಿವೆ. ನಾನು ದಾದಿಯಾಗಿ ಕೆಲಸ ಆರಂಭಿಸಿ, ಅನಂತರ ಈ ಕೆಲಸಕ್ಕೆ ಬಂದು ಕೋಲಾರದಲ್ಲಿಯೇ ನೆಲೆಸಿದವಳಾದ್ದರಿಂದ ಊರಿನವರ ಪತ್ರಗಳಿಗೇ ಈ ಬಾರಿಯ ಪುಟಗಳನ್ನು ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳ ಹಿಂದೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಪಕ್ಕದ ಕೋಣೆಯಲ್ಲಿರುವ ಎಜುಕೇಟರ್ ಅವರನ್ನು ಕಂಡು ಹೋಗಿ ಎಂದರು. ಮಾತ್ರೆ ಕೊಟ್ಟಾದ ಮೇಲೆ ಅವರ ಬಳಿ ಇನ್ನೇನಿದೆ ಎಂದುಕೊಂಡು ಕಾಣದೆ ಬಂದುಬಿಟ್ಟೆ. ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಮುದ್ದೆಯನ್ನೇ ಉಣ್ಣುತ್ತಿದ್ದೇನೆ. ಆದರೂ ಊಟದ ನಂತರದ ಸಕ್ಕರೆ 240ರಿಂದ ಕೆಳಗಿಳಿದಿಲ್ಲ. ತಪ್ಪು ಎಲ್ಲಾಗುತ್ತಿದೆ?
(ಗೃಹಿಣಿ, ಬಂಗಾರಪೇಟೆ)

ಉತ್ತರ: ತಪ್ಪು ನಿಮ್ಮದಲ್ಲ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ನಂಬದವರಿಲ್ಲ. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಗಿಂತ ಅದು ಒಳ್ಳೆಯ ಧಾನ್ಯ ಎಂಬುದೆಲ್ಲ ನಿಜ. ಆದರೆ ಅದೇ 100 ಗ್ರಾಂ ಹಿಟ್ಟಿನಲ್ಲಿ ಸರಿಸುಮಾರು 70 ಗ್ರಾಂ ಪಿಷ್ಟವೂ ಇದೆ, ಮತ್ತು ಹೊಟ್ಟೆಗೆ ಹೋದ ಪಿಷ್ಟ ಕೊನೆಗೆ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತದೆ. ಹಿಟ್ಟನ್ನು ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗಿದಾಗ ಅದು ಬೇಗನೆ ಜೀರ್ಣವಾಗುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಕೋಣೆಗೆ ಬಂದವರನ್ನು ನಾನು "ಎಷ್ಟು ಮುದ್ದೆ ಉಣ್ಣುತ್ತೀರಿ" ಎಂದು ಕೇಳುವುದಿಲ್ಲ, ಏಕೆಂದರೆ ಎಲ್ಲರೂ "ಒಂದೇ" ಎನ್ನುತ್ತಾರೆ. ಆ ಒಂದು ಮುದ್ದೆ ಎಷ್ಟು ದೊಡ್ಡದು ಎಂದು ಎರಡೂ ಕೈ ಸೇರಿಸಿ ತೋರಿಸಲು ಹೇಳುತ್ತೇನೆ. ಕೆಲವರ ಕೈಯಲ್ಲಿ ಅದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಕೆಲವರ ಕೈಯಲ್ಲಿ ತೆಂಗಿನಕಾಯಿಯಷ್ಟಿರುತ್ತದೆ. ಅದಾದ ಮೇಲೆ ಸಾರು ಯಾವುದು ಎಂದು ಕೇಳುತ್ತೇನೆ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಮಕ್ಕಳಿಗೂ ಗಂಡನಿಗೂ ಬಡಿಸಿ, ತಾವು ಬರೀ ಸಾರಿನಲ್ಲಿ ಅದ್ದಿಕೊಂಡು ಉಣ್ಣುವ ಹೆಂಗಸರು ನಮ್ಮಲ್ಲಿ ಬಹಳ. ನಿಮ್ಮ ತಟ್ಟೆ ಹೇಗಿದೆಯೋ ನಾನು ನೋಡಿಲ್ಲ. ಆದರೆ ಮುದ್ದೆಯನ್ನು ಅರ್ಧಕ್ಕಿಳಿಸಿ, ಅದರ ಜಾಗಕ್ಕೆ ಹುರುಳಿಯನ್ನೋ ಅವರೆಯನ್ನೋ ಸೊಪ್ಪಿನ ಪಲ್ಯವನ್ನೋ ತಂದು, ಊಟವಾದ ಮೇಲೆ ಕಾಲು ಗಂಟೆ ನಡೆದು, ಊಟದ ಮೊದಲು ಒಮ್ಮೆ ಮತ್ತು ಎರಡು ಗಂಟೆ ಕಳೆದು ಒಮ್ಮೆ ಸಕ್ಕರೆ ನೋಡಿಕೊಂಡರೆ, ನಿಮ್ಮ ಊಟ ನಿಮ್ಮ ದೇಹಕ್ಕೆ ಏನು ಮಾಡುತ್ತಿದೆ ಎಂಬುದು ಯಾರ ಮಾತೂ ಬೇಡದೆ ನಿಮಗೇ ತಿಳಿಯುತ್ತದೆ. ಮಾತ್ರೆಯನ್ನು ಮಾತ್ರ ಡಾಕ್ಟರು ಹೇಳಿದಂತೆಯೇ ಮುಂದುವರಿಸಿ. ಇಷ್ಟಾದರೂ ಅಂಕಿ ಇಳಿಯದಿದ್ದರೆ ಅವರನ್ನು ಕಾಣಬೇಕು.

ನೀವು ಕಾಣದೆ ಬಂದ ಪಕ್ಕದ ಕೋಣೆಯಲ್ಲಿ ನಡೆಯುವುದು ಈ ಕೆಲಸವೇ. ಅಲ್ಲಿರುವವರು ರೋಗನಿರ್ಣಯ ಮಾಡುವುದಿಲ್ಲ, ಔಷಧಿ ಬದಲಿಸುವುದಿಲ್ಲ. ಡಾಕ್ಟರು ಬರೆದ ಚೀಟಿಯನ್ನು ನಿಮ್ಮ ಅಡುಗೆಮನೆಗೆ, ನಿಮ್ಮ ದುಡಿಮೆಗೆ, ನಿಮ್ಮ ಖರ್ಚಿಗೆ ಒಗ್ಗಿಸಿಕೊಡುತ್ತಾರೆ. ಕಾಯಿಲೆ ಪತ್ತೆಯಾದಾಗ ಒಮ್ಮೆ, ಬಳಿಕ ವರ್ಷಕ್ಕೊಮ್ಮೆ, ಕಣ್ಣು, ಕಾಲು, ಮೂತ್ರಪಿಂಡಗಳ ತೊಂದರೆಯಂಥದ್ದು ಹೊಸದಾಗಿ ಸೇರಿಕೊಂಡಾಗ, ಮತ್ತು ಬದುಕಿನಲ್ಲಿಯೋ ಚಿಕಿತ್ಸೆಯಲ್ಲಿಯೋ ದೊಡ್ಡ ಬದಲಾವಣೆಯಾದಾಗ ಅವರನ್ನು ಕಾಣಬೇಕು ಎಂಬುದು ಈ ವೃತ್ತಿಯವರು ಒಪ್ಪಿಕೊಂಡಿರುವ ಕ್ರಮ. ನಿಮ್ಮದು ಮೊದಲನೆಯ ಸಂದರ್ಭ. ದಯವಿಟ್ಟು ಈ ವಾರವೇ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಒಂಬತ್ತು ವರ್ಷಗಳಿಂದ ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಮಾವಿನ ಕಾಲದಲ್ಲಿ ಕಾವಲಿಗೆಂದು ತೋಟದ ಮನೆಯಲ್ಲೇ ಇರುತ್ತಾರೆ, ಅಲ್ಲಿ ಫ್ರಿಜ್ ಇಲ್ಲ. ಒಂದು ದಿನ ಸಕ್ಕರೆ 310 ತೋರಿಸಿದರೆ ಮಾರನೆಯ ದಿನ 62. ಇನ್ಸುಲಿನ್ ಪ್ರಮಾಣವನ್ನು ಎರಡು ಸಲ ಹೆಚ್ಚಿಸಿಯಾಗಿದೆ. ಮಾವಿನ ಹಣ್ಣು ಮುಟ್ಟಿಯೇ ಇಲ್ಲ ಎಂದು ಅಪ್ಪ ಆಣೆ ಮಾಡುತ್ತಾರೆ, ನಮಗೆ ನಂಬಿಕೆ ಬರುತ್ತಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆಯೇ?
(ರೈತರ ಮಗ, ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ತಂದೆಯವರನ್ನು ಸುಳ್ಳುಗಾರರೆಂದು ತೀರ್ಮಾನಿಸುವ ಮೊದಲು ಅವರ ಅಂಗಿ ಎತ್ತಿಸಿ ಹೊಟ್ಟೆಯನ್ನು ಮುಟ್ಟಿ ನೋಡಿ. ಹೀಗೆ ನೇರವಾಗಿ ಹೇಳಲು ಕಾರಣವಿದೆ. ನಿಮ್ಮ ತಂದೆಯಂತೆಯೇ ಅಂಕಿಗಳು ಏರಿಳಿಯುತ್ತಿದ್ದ ಹಿರಿಯರೊಬ್ಬರನ್ನು ಕೆಲವು ವರ್ಷಗಳ ಹಿಂದೆ ಮನೆಯವರು ನನ್ನ ಬಳಿ ಕರೆತಂದಿದ್ದರು. ಮಗ, ಸೊಸೆ ಇಬ್ಬರೂ ಅವರನ್ನು ನನ್ನೆದುರಿಗೇ ಗದರುತ್ತಿದ್ದರು. ನಾನು ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳುತ್ತೀರಿ ಎಂದು ಬಾಯಲ್ಲಿ ಕೇಳದೆ, ಖಾಲಿ ಸಿರಿಂಜ್ ಕೈಗಿಟ್ಟು, ಮನೆಯಲ್ಲಿ ಮಾಡುವಂತೆಯೇ ಮಾಡಿ ತೋರಿಸಿ ಎಂದೆ. ಅವರು ಹೊಕ್ಕುಳಿನ ಎಡಕ್ಕೆ ಒಂದು ಜಾಗವನ್ನು ನೋಡದೆಯೇ ಮುಟ್ಟಿದರು. ನಾನೂ ಅಲ್ಲಿ ಕೈಯಿಟ್ಟೆ. ಚರ್ಮದ ಕೆಳಗೆ ನಿಂಬೆಕಾಯಿ ಗಾತ್ರದ ಮೆತ್ತನೆಯ ಗಂಟು ಸಿಕ್ಕಿತು, ಬಲಕ್ಕೂ ಅಂಥದ್ದೇ ಇನ್ನೊಂದು. "ಅಲ್ಲಿ ಚುಚ್ಚಿದರೆ ನೋವಾಗಲ್ಲಮ್ಮ, ಅದಕ್ಕೆ" ಎಂದರು. ವರ್ಷಗಟ್ಟಲೆ ಇದನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದರೆ, ಅದೇ ಸೂಜಿಯನ್ನು ಹಲವು ಸಲ ಬಳಸಿದರೆ, ಅಲ್ಲಿನ ಕೊಬ್ಬು ಹೀಗೆ ಗಂಟಾಗುತ್ತದೆ. ಆ ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ, ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ, ಆದ್ದರಿಂದಲೇ ಸಕ್ಕರೆ ಒಂದು ದಿನ ಏರಿ ಇನ್ನೊಂದು ದಿನ ಕುಸಿಯುತ್ತದೆ. ಪರಿಹಾರ ಸುಲಭ: ಗಂಟಿರುವ ಜಾಗವನ್ನು ಬಿಟ್ಟು, ಹೊಟ್ಟೆಯ ಬೇರೆ ಭಾಗ ಮತ್ತು ತೊಡೆಗಳಲ್ಲಿ, ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಗಲವಾದರೂ ದೂರದಲ್ಲಿ ಚುಚ್ಚಿಕೊಳ್ಳಬೇಕು. ಆದರೆ ಇಲ್ಲಿ ಒಂದು ಅಪಾಯವಿದೆ. ಗಂಟಿಗೆ ಚುಚ್ಚುತ್ತಿದ್ದಾಗ ಹೆಚ್ಚಿಸಿದ ಪ್ರಮಾಣವನ್ನೇ ಒಳ್ಳೆಯ ಜಾಗಕ್ಕೆ ಹಾಕಿದರೆ ಸಕ್ಕರೆ ಥಟ್ಟನೆ ಕುಸಿಯಬಹುದು. ಗಂಟು ಸಿಕ್ಕರೆ ಜಾಗ ಬದಲಿಸುವ ಮೊದಲೇ ಡಾಕ್ಟರಿಗೆ ತಿಳಿಸಿ, ಪ್ರಮಾಣ ಎಷ್ಟಿರಬೇಕು ಎಂದು ಅವರಿಂದಲೇ ಬರೆಸಿಕೊಳ್ಳಿ.

ಮುಂದೆ ಸಿರಿಂಜ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯ ಇನ್ಸುಲಿನ್‌ನಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಎರಡೂವರೆ ಪಟ್ಟು ವ್ಯತ್ಯಾಸವಾಗುತ್ತದೆ. ಕೆಂಪು ಮುಚ್ಚಳದ್ದು ಇಲ್ಲ ಎಂದು ಅಂಗಡಿಯವರು ಬೇರೆಯದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಹಾಲಿನಂತೆ ಮಂಜಾಗಿರುವ ಇನ್ಸುಲಿನ್ ಆಗಿದ್ದರೆ ಸೀಸೆಯನ್ನು ಕುಲುಕದೆ, ಎರಡು ಅಂಗೈಗಳ ನಡುವೆ ಮೆಲ್ಲಗೆ ಹತ್ತಿಪ್ಪತ್ತು ಸಲ ಉರುಳಿಸಿ, ಒಂದೇ ಬಣ್ಣ ಬಂದ ಮೇಲೆ ಎಳೆದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಒಂದು ದಿನ ಮೇಲಿನ ತಿಳಿ, ಇನ್ನೊಂದು ದಿನ ಕೆಳಗಿನ ಗಟ್ಟಿ ಹೋಗುತ್ತದೆ.

ಫ್ರಿಜ್ ಇಲ್ಲದ ತೋಟದ ಮನೆಗೆ ಮಣ್ಣಿನ ಮಡಕೆ ಸಾಕು. ತೆರೆಯದ ಸೀಸೆಗಳನ್ನು ಊರಿನ ಮನೆಯ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯ ನಡುವೆ, ಐಸ್ ಕಟ್ಟುವ ಭಾಗದಿಂದ ದೂರವಿಡಿ. ತೋಟಕ್ಕೆ ಬಳಕೆಯ ಒಂದೇ ಸೀಸೆ ಹೋಗಲಿ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಇಟ್ಟು, ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿ ಅದರಲ್ಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಡಿ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದು ನಾಲ್ಕು ವಾರಗಳಿಗೆ ಬದಲಿಸಿ.

ಮಾವಿನ ಆಣೆಯ ವಿಷಯಕ್ಕೆ ಬರುತ್ತೇನೆ. ಹಣ್ಣು ತಿನ್ನದೆಯೂ 310 ಬರಬಹುದು. ಇಡೀ ದಿನ ಬಾದಾಮಿ, ತೋತಾಪುರಿ ಆರಿಸಿ ಕ್ರೇಟಿಗೆ ತುಂಬಿದ ಕೈಯ ಬೆರಳನ್ನೇ ಚುಚ್ಚಿ ಗ್ಲುಕೋಮೀಟರಿಗೆ ಹಿಡಿದರೆ, ಬೆರಳಿಗಂಟಿದ ಹಣ್ಣಿನ ರಸದ ಸಕ್ಕರೆಯೂ ರಕ್ತದ ಹನಿಯ ಜೊತೆ ಲೆಕ್ಕಕ್ಕೆ ಬರುತ್ತದೆ. ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಂಡು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ ಮತ್ತೊಮ್ಮೆ ನೋಡಲಿ. ಇನ್ನು 62 ಎಂಬ ಅಂಕಿಯನ್ನು 310ಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. 70ಕ್ಕಿಂತ ಕೆಳಗಿಳಿದರೆ, ಅಥವಾ ಕೈ ನಡುಕ, ಬೆವರು, ಕಣ್ಣು ಕತ್ತಲೆ ಕಂಡರೆ, ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿಲ್ಲದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತೋಟದಲ್ಲಿ ಒಬ್ಬರೇ ಮಲಗುವ ಮನುಷ್ಯರಿಗೆ ಸಕ್ಕರೆ ಪೊಟ್ಟಣ ದಿಂಬಿನ ಪಕ್ಕದಲ್ಲೇ ಇರಲಿ. ಪ್ರಮಾಣ ಹೆಚ್ಚಿಸಿದ ಮೇಲೆ 62 ಬಂದಿದ್ದರೆ ಆ ಸಂಗತಿಯನ್ನು ಡಾಕ್ಟರಿಗೆ ಇವತ್ತೇ ತಿಳಿಸಿ.

ಪ್ರಶ್ನೆ: ನಾವು ತೋರಿಸುವ ಕ್ಲಿನಿಕ್ಕಿಗೆ ಔಷಧ ಕಂಪನಿಯೊಂದು ಕಳುಹಿಸಿದ ಎಜುಕೇಟರ್ ತಿಂಗಳಿಗೊಮ್ಮೆ ಬರುತ್ತಾರೆ. ಅವರ ಮಾತನ್ನು ನಂಬಬಹುದೇ?
(ನಿವೃತ್ತ ಶಿಕ್ಷಕರು, ಮಾಲೂರು)

ಉತ್ತರ: ಸೂಜಿ ಹಿಡಿಯುವುದು, ಇನ್ಸುಲಿನ್ ಪೆನ್ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ಹೊರತೆಗೆಯುವುದು, ಕಾಲು ನೋಡಿಕೊಳ್ಳುವುದು ಇವನ್ನೆಲ್ಲ ಅವರು ಚೆನ್ನಾಗಿಯೇ ಕಲಿಸುತ್ತಾರೆ, ಕಲಿತುಕೊಳ್ಳಿ. ಯಾವ ಔಷಧಿ, ಯಾವ ಯಂತ್ರ ಎಂಬ ಮಾತು ಬಂದಾಗ ಮಾತ್ರ ಡಾಕ್ಟರನ್ನೇ ಕೇಳಿ. ಸಂಬಳ ಕೊಡುವವರ ಹೆಸರನ್ನು ರೋಗಿಗೆ ಮೊದಲೇ ಹೇಳುವುದು ನಮ್ಮ ವೃತ್ತಿಯವರ ಕರ್ತವ್ಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಅವರು ಹೇಳದಿದ್ದರೆ ನೀವೇ ಕೇಳಬಹುದು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ನಾನು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷಗಳಿಂದ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದೇನೆ. ಮಧುಮೇಹ ಶಿಕ್ಷಕಿಯಾಗುವ ಆಸೆ ಇದೆ. ಇದು ನಿಜವಾಗಿಯೂ ಒಂದು ವೃತ್ತಿಯೇ? ನಮ್ಮಂಥ ಊರಿನಲ್ಲಿ ಒಬ್ಬಳೇ ಇದ್ದು ಕಲಿಯುವುದು ಹೇಗೆ?
(ಸ್ಟಾಫ್ ನರ್ಸ್, ಮುಳಬಾಗಿಲು)

ಉತ್ತರ: ಖಂಡಿತ ವೃತ್ತಿಯೇ, ಮತ್ತು ಅದರ ಬೇರು ನಿಮ್ಮ ದಾದಿ ವೃತ್ತಿಯಲ್ಲೇ ಇದೆ. ಅಮೆರಿಕದ ಬೋಸ್ಟನ್ ನಗರದ ವೈದ್ಯ ಎಲಿಯಟ್ ಜೋಸ್ಲಿನ್ 1918ರಲ್ಲಿಯೇ ವೈದ್ಯರಿಗೂ ರೋಗಿಗಳಿಗೂ ಸೇರಿಸಿ ಒಂದು ಕೈಪಿಡಿ ಬರೆದಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟ ಮೇಲೆ, ಆಸ್ಪತ್ರೆಯ ಮದ್ದು ಮನೆಯ ಮದ್ದಾಯಿತು. ಅದನ್ನು ರೋಗಿಯ ಕೈಗೆ ಒಪ್ಪಿಸಲು ಕಲಿಸುವವರೇ ಬೇಕಾದರು, ಜೋಸ್ಲಿನ್ ಆ ಕೆಲಸಕ್ಕೆ ದಾದಿಯರನ್ನು ತರಬೇತುಗೊಳಿಸಿದರು. ಅಮೆರಿಕದ ಮಧುಮೇಹ ಶಿಕ್ಷಕರ ಸಂಘ 1973ರಲ್ಲಿ ಹುಟ್ಟಿತು. 2020ರಲ್ಲಿ ಅದು ತನ್ನ ಹೆಸರನ್ನು ಬದಲಿಸಿಕೊಂಡು, ತನ್ನವರು ಶಿಕ್ಷಣದ ಜೊತೆಗೆ ಆರೈಕೆಯಲ್ಲೂ ತಜ್ಞರು ಎಂಬುದನ್ನು ಹೆಸರಿನಲ್ಲೇ ತಂದಿತು. ಊಟ, ಚಟುವಟಿಕೆ, ಔಷಧಿ, ಪರೀಕ್ಷೆ, ತೊಡಕು ಬಿಡಿಸುವುದು, ಅಪಾಯ ತಗ್ಗಿಸುವುದು, ಮನಸ್ಸನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಎಂದು ಅವರು ವಿಂಗಡಿಸಿದ ಏಳು ಅಭ್ಯಾಸಗಳು ಇವತ್ತಿಗೂ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ಈ ಏಳರಲ್ಲಿ ಕೊನೆಯದನ್ನೇ ನಾವು ಹೆಚ್ಚು ಮರೆಯುತ್ತೇವೆ.

ನಮ್ಮ ದೇಶದಲ್ಲಿ ದಾದಿಯರು, ಆಹಾರ ತಜ್ಞರು, ಫಾರ್ಮಸಿಸ್ಟರು ತಮ್ಮ ಮೂಲ ಓದಿನ ಮೇಲೆ ತರಬೇತಿ ಪಡೆದು ಈ ಕೆಲಸಕ್ಕೆ ಬರುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಆನ್‌ಲೈನ್ ಶಾಲೆಯಲ್ಲಿ ಶಿಕ್ಷಕರಿಗೆಂದೇ ಪಾಠಗಳಿವೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಅಂತಃಸ್ರಾವ ವಿಜ್ಞಾನ ಸಂಶೋಧನಾ ಸಂಸ್ಥೆಯಿದೆ, ಅಲ್ಲಿಯೂ ವಿಚಾರಿಸಿ. ಕೋರ್ಸ್ ಸೇರುವ ಮೊದಲು ರೋಗಿಗಳ ಜೊತೆ ಕೂತು ಕಲಿಯುವ ಅವಕಾಶ ಎಷ್ಟು ಗಂಟೆ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿತ್ತು, ಆದ್ದರಿಂದ ಕೆಲಸಕ್ಕೆ ಕೊರತೆ ಬಾರದು. ಸಂಬಳದ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ಶಿಕ್ಷಣಕ್ಕೆ ಬೇರೆ ಶುಲ್ಕ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ, ಎಷ್ಟೋ ಆಸ್ಪತ್ರೆಗಳಲ್ಲಿ ಶಿಕ್ಷಕಿಗೆ ಉಳಿದೆಲ್ಲ ಕೆಲಸದ ನಡುವೆ ಇದನ್ನೂ ಹೊರಿಸಿರುತ್ತಾರೆ. ಅದನ್ನು ತಿಳಿದುಕೊಂಡೇ ಬನ್ನಿ.

ಒಂಟಿತನದ ಮಾತು ನನ್ನ ಮನಸ್ಸಿಗೆ ತಟ್ಟಿತು. ಮೊದಲ ಮೂರು ವರ್ಷ ನಾನೂ ಒಬ್ಬಳೇ ಇದ್ದೆ. ಆಮೇಲೆ ನಾವು ಬೇರೆ ಬೇರೆ ತಾಲ್ಲೂಕಿನ ಐದು ಜನ ತಿಂಗಳ ಕೊನೆಯ ಶನಿವಾರ ಕೋಲಾರದಲ್ಲಿ ಸೇರುವ ರೂಢಿ ಮಾಡಿಕೊಂಡೆವು. ರೋಗಿಯ ಹೆಸರು ಹೇಳದೆ, ತಿಂಗಳಲ್ಲಿ ತನ್ನಿಂದ ಬಗೆಹರಿಯದ ಒಂದು ಸಂಗತಿಯನ್ನು ಪ್ರತಿಯೊಬ್ಬರೂ ಮುಂದಿಡಬೇಕು. ಮುದ್ದೆಯನ್ನು ಕೈಯಲ್ಲಿ ತೋರಿಸಿ ಎನ್ನುವ ಉಪಾಯ ನನ್ನದಲ್ಲ, ಹಾಗೆ ಸೇರಿದಾಗ ಬಂಗಾರಪೇಟೆಯ ಆಹಾರ ತಜ್ಞೆಯೊಬ್ಬರಿಂದ ಕಲಿತದ್ದು. ತೆಲುಗು ಮಾತ್ರ ಬಲ್ಲ ಅಜ್ಜಿಗೆ, ಉರ್ದು ಮಾತನಾಡುವ ರೇಷ್ಮೆ ಕೆಲಸಗಾರರಿಗೆ, ರಂಜಾನ್ ಉಪವಾಸಕ್ಕೆ ಮೊದಲು ಏನು ಹೇಳಬೇಕು ಎಂಬುದು ಪುಸ್ತಕಕ್ಕಿಂತ ಹೆಚ್ಚಾಗಿ ಅಲ್ಲಿಯೇ ತಿಳಿಯಿತು. ನಿಮಗೆ ಮುಳಬಾಗಿಲಿನ ತೆಲುಗು ಬರುವುದಾದರೆ ನಮಗೂ ನಿಮ್ಮಿಂದ ಕಲಿಯುವುದಿದೆ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ಮುಂದಿನ ಶನಿವಾರದ ಜಾಗವನ್ನು ತಿಳಿಸುತ್ತೇನೆ. ಬರುವಾಗ ನಿಮ್ಮ ವಾರ್ಡಿನಲ್ಲಿ ಬಳಸುವ ಇನ್ಸುಲಿನ್ ಸಿರಿಂಜ್ ಒಂದನ್ನು ತನ್ನಿ, ಅದರ ಮುಚ್ಚಳದ ಬಣ್ಣದಿಂದಲೇ ಮೊದಲ ಪಾಠ ಆರಂಭಿಸೋಣ.