ಮಾರಿಯಸ್ ಏಳು ಸಲ ಕಾನ್ಸುಲ್ ಆಗಿದ್ದು ಹೇಗೆ?

ದೊಡ್ಡ ಮನೆತನದವನಲ್ಲದ ಗಾಯಸ್ ಮಾರಿಯಸ್ ರೋಮ್‌ನಲ್ಲಿ ಏಳು ಸಲ ಕಾನ್ಸುಲ್ (ಒಂದು ವರ್ಷಕ್ಕೆ ಚುನಾಯಿತನಾಗುವ ಅತ್ಯುನ್ನತ ಅಧಿಕಾರಿ) ಆಗಿದ್ದು ಬರೀ ಯುದ್ಧ ಗೆದ್ದಿದ್ದಕ್ಕಾ ಅಂತ ಕೇಳಿದ್ದೀರಿ. ಯುದ್ಧ ಮುಖ್ಯ, ನಿಜ. ಆದರೆ ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಜನರ ಸಿಟ್ಟು ಮತ್ತು ಭಯ ಅಂತ ನನಗನಿಸುತ್ತದೆ.

ಆಫ್ರಿಕಾದ ನುಮಿಡಿಯಾದಲ್ಲಿ ದೊರೆ ಜುಗುರ್ಥಾನ ಮೇಲಿನ ಯುದ್ಧ ಮುಗಿಯುತ್ತಲೇ ಇರಲಿಲ್ಲ, ಜನರಿಗೆ ಸಿಟ್ಟು ಬಂದಿತ್ತು. ಮಾರಿಯಸ್ ಅಲ್ಲಿ ದೊಡ್ಡ ಮನೆತನದ ಸೇನಾಪತಿ ಮೆಟೆಲ್ಲಸ್‌ನ ಕೈಕೆಳಗಿದ್ದ. ಚುನಾವಣೆಗೆ ನಿಲ್ಲಲು ರಜೆ ಕೇಳಿದಾಗ ಮೆಟೆಲ್ಲಸ್, ನನ್ನ ಮಗನ ಜೊತೆ ನಿಲ್ಲುವೆಯಂತೆ ಎಂದು ಹಂಗಿಸಿದನಂತೆ. ಮಗನಿಗಿನ್ನೂ ಸುಮಾರು 20 ವರ್ಷ, ಅಂದರೆ ಇನ್ನೂ ಎಷ್ಟೋ ವರ್ಷ ಕಾಯಬೇಕು! ಮಾರಿಯಸ್ ಬಿಡಲಿಲ್ಲ. ಕ್ರಿ.ಪೂ. 107ಕ್ಕೆ ಕಾನ್ಸುಲ್ ಆದ. ಗಣ್ಯರ ಸಭೆಯಾದ ಸೆನೆಟ್ ಯುದ್ಧದ ಹೊಣೆಯಲ್ಲಿ ಮೆಟೆಲ್ಲಸ್‌ನನ್ನೇ ಮುಂದುವರಿಸಿತ್ತು. ಜನಸಭೆ ಅದನ್ನು ತಳ್ಳಿಹಾಕಿ ಯುದ್ಧವನ್ನು ಮಾರಿಯಸ್‌ಗೆ ಒಪ್ಪಿಸಿತು. ಅವನು ಆಸ್ತಿಯಿಲ್ಲದ ಬಡವರನ್ನೂ ಸೇನೆಗೆ ಸೇರಿಸಿಕೊಂಡ.

ಆಮೇಲೆ ಕ್ರಿ.ಪೂ. 105ರಲ್ಲಿ ಈಗಿನ ಫ್ರಾನ್ಸ್‌ನ ಅರೌಸಿಯೊದಲ್ಲಿ ಉತ್ತರದ ಸಿಂಬ್ರಿ, ಟ್ಯೂಟನ್ ಬುಡಕಟ್ಟುಗಳ ಕೈಲಿ ರೋಮ್ ಸೇನೆ ನುಚ್ಚುನೂರಾಯಿತು. ಆ ಭಯದಲ್ಲಿ ಜನ ಒಬ್ಬನನ್ನೇ ಸತತವಾಗಿ ಆರಿಸಬಾರದೆಂಬ ಕಟ್ಟಳೆ ಬದಿಗಿಟ್ಟು 104ರಿಂದ 100ರವರೆಗೆ ಸತತ ಐದು ವರ್ಷ ಅವನನ್ನೇ ಆರಿಸಿದರು. 102, 101ರಲ್ಲಿ ಅವನು ಆ ಬುಡಕಟ್ಟುಗಳನ್ನು ಸೋಲಿಸಿದ. ಏಳನೆಯದು ಮಾತ್ರ ಬೇರೆ ಕಥೆ. ಸೈನ್ಯದೊಂದಿಗೆ ರೋಮ್‌ಗೆ ನುಗ್ಗಿ, ವಿರೋಧಿಗಳನ್ನು ಕೊಲ್ಲಿಸಿ 86ರಲ್ಲಿ ಪಡೆದದ್ದು ಅದು. ಕೆಲವೇ ದಿನಗಳಲ್ಲಿ ತೀರಿಕೊಂಡ.