ಒಂದೇ ಕೆಲಸಕ್ಕೆ ಕಡಿಮೆ ಸಂಬಳ: ಸಹಿಸಿಕೊಳ್ಳಬೇಕೇ, ಕೆಲಸ ಬಿಡಬೇಕೇ?

ಜೊತೆಯ ಗಂಡಸರಷ್ಟೇ ದುಡಿದರೂ ಅವರಿಗಿಂತ ಕಡಿಮೆ ಸಂಬಳ ಪಡೆಯುತ್ತಿರುವ ನೀವು ಕೇಳಿರುವ ಪ್ರಶ್ನೆಯನ್ನೇ ತೊಂಬತ್ತರ ದಶಕದಲ್ಲಿ ನಾನೂ ಕೇಳಿಕೊಂಡಿದ್ದೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಪಕ್ಕದ ಮೇಜಿನ ಗಂಡಸರೂ ಅದನ್ನೇ ಮಾಡುತ್ತಿದ್ದರು. ಆದರೆ ನೇಮಕಾತಿ ಪತ್ರದಲ್ಲಿ ಅವರು ಇನ್‌ಸ್ಪೆಕ್ಟರ್, ನಾನು ಹೆಲ್ಪರ್.

ಹುದ್ದೆಯ ಹೆಸರು ಬೇರೆಯಾದ ಮೇಲೆ ಕಾನೂನು ನನ್ನ ನೆರವಿಗೆ ಬಾರದು ಎಂದು ನಂಬಿದ್ದೇ ನನ್ನ ದೊಡ್ಡ ತಪ್ಪು. ವೇತನ ಶ್ರೇಣಿಗೆ ಕಾರ್ಮಿಕ ಸಂಘವೇ ಸಹಿ ಹಾಕಿದೆ, ಇನ್ನು ಪ್ರಶ್ನಿಸುವಂತಿಲ್ಲ ಎಂದರು, ಅದನ್ನೂ ನಂಬಿದೆ. ಕೊನೆಗೆ ಬೇಸತ್ತು ರಾಜೀನಾಮೆ ಕೊಟ್ಟಾಗ, ಕೆಲಸದೊಂದಿಗೆ ನನ್ನ ಹಕ್ಕೂ ಮುಗಿಯಿತೆಂದುಕೊಂಡು ಸಂಬಳದ ಚೀಟಿಗಳನ್ನು ಕೂಡ ಇಟ್ಟುಕೊಳ್ಳಲಿಲ್ಲ. ಈ ಮೂರು ನಂಬಿಕೆಗಳೂ ಸುಳ್ಳೆಂಬುದು ಅಷ್ಟರಲ್ಲಾಗಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು.

ಮುಂಬೈಯ ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರಿ ಡಿಕೋಸ್ಟಾ, 1977ರಲ್ಲಿ ತಮ್ಮನ್ನು ಕೆಲಸದಿಂದ ತೆಗೆದ ನಂತರವೇ, ಪುರುಷ ಸ್ಟೆನೋಗ್ರಾಫರ್‌ಗಳಿಗಿಂತ ತಮಗೆ ಕಡಿಮೆ ಸಂಬಳ ಕೊಡಲಾಗಿತ್ತೆಂದು ದೂರು ಸಲ್ಲಿಸಿದರು. ಮೊದಲ ಹಂತದಲ್ಲಿ ದೂರು ತಿರಸ್ಕೃತವಾದರೂ ಅವರು ಮೇಲ್ಮನವಿಯಲ್ಲಿ ಗೆದ್ದರು. ಸಂಘದೊಂದಿಗೆ ಒಪ್ಪಂದವಾಗಿದೆ, ಹೆಚ್ಚು ಕೊಡುವ ಶಕ್ತಿಯಿಲ್ಲ ಎಂಬ ಕಂಪನಿಯ ವಾದಗಳನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಣ್ಣಪುಟ್ಟ ವ್ಯತ್ಯಾಸಗಳನ್ನು ಬದಿಗಿಟ್ಟು, ನಿಜವಾಗಿ ಮಾಡುವ ಕೆಲಸ ಒಂದೇ ಬಗೆಯದೇ ಎಂಬುದನ್ನು ನೋಡಬೇಕೆಂದಿತು.

ಡಿಕೋಸ್ಟಾ ಆಧಾರವಾಗಿಟ್ಟುಕೊಂಡ ಸಮಾನ ಸಂಭಾವನೆ ಕಾಯ್ದೆಯೂ ಸುಮ್ಮನೆ ಬಂದದ್ದಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಮಾತು ಸಂವಿಧಾನದ 39ನೇ ವಿಧಿಯಲ್ಲಿತ್ತು. 1958ರಲ್ಲಿ ಭಾರತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಾನ ವೇತನ ಒಡಂಬಡಿಕೆಯನ್ನು ಅನುಮೋದಿಸಿಯೂ ಆಗಿತ್ತು. ಆದರೂ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿಯು 1974ರ ವರದಿಯಲ್ಲಿ ದೇಶದ ಹೆಣ್ಣುಮಕ್ಕಳ ನಿಜಸ್ಥಿತಿಯನ್ನು ಬಿಚ್ಚಿಟ್ಟ ಮೇಲೆಯೇ 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಈ ಕಾಯ್ದೆ ಬಂದವು. ನಮ್ಮ ಕೊಡಗಿನ ರಾಜತಾಂತ್ರಿಕ ಅಧಿಕಾರಿ ಸಿ.ಬಿ. ಮುತ್ತಮ್ಮನವರು ವಿದೇಶಾಂಗ ಸೇವೆಯಲ್ಲಿ ಮಹಿಳೆಯರಿಗೆ ತಾರತಮ್ಯ ಮಾಡುವ ನಿಯಮಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದೂ ಅದೇ ದಶಕದಲ್ಲಿ, 1979ರಲ್ಲಿ.

ಆದ್ದರಿಂದ ಸಹಿಸುವುದು ಅಥವಾ ಬಿಡುವುದು ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಸಂಬಳದ ಚೀಟಿ, ನೇಮಕಾತಿ ಪತ್ರ, ನೀವು ದಿನವೂ ಮಾಡುವ ಕೆಲಸದ ವಿವರ, ಇವುಗಳ ಪ್ರತಿಗಳನ್ನು ಇಂದೇ ಮನೆಗೆ ತಂದಿಡಿ. ಜೊತೆಯ ಹೆಣ್ಣುಮಕ್ಕಳಿಂದಲೂ ಸಹಿ ಪಡೆದು ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. 1976ರ ಕಾಯ್ದೆಯ ಸಮಾನ ವೇತನದ ನಿಯಮ ಈಗ 2019ರ ವೇತನ ಸಂಹಿತೆಯಲ್ಲಿದೆ. ದೂರಿನಲ್ಲಿ ಅದನ್ನೇ ಉಲ್ಲೇಖಿಸಿ.